ಗೇಟಿನ ಆಚೆಗಿನ ಮೂರಡಿ

ಆಂಧ್ರದ ಆದವಾನಿಯ ಹೊರವಲಯದ ಹೊಸ ವೆಂಚರುಗಳಲ್ಲಿ, ಅಂದರೆ ಬಡಾವಣೆಗಳಲ್ಲಿ, ಮನೆಗಿಂತ ಮೊದಲು ಏಳುವುದು ಕಾಂಪೌಂಡು. ಎಮ್ಮಿಗನೂರು ರಸ್ತೆಯ ಕಡೆ ಹೋಗಿ, ಆಲೂರು ರಸ್ತೆಯ ಕಡೆ ಹೋಗಿ, ಊರು ಮುಗಿದು ಹತ್ತಿ ಹೊಲ ಶುರುವಾಗುವ ಅಂಚಿನಲ್ಲಿ ಕಾಣುವುದು ಅದೇ. ಬಣ್ಣ ಬಳಿದ ಮೂಲೆಗಲ್ಲು, ನಾಲ್ಕು ಸುತ್ತ ಇಟ್ಟಿಗೆ ಗೋಡೆ, ಮುಂದೆ ತುಕ್ಕು ಹಿಡಿದ ಗೇಟು, ಒಳಗೆ ಆಳೆತ್ತರ ಬೆಳೆದ ಬಳ್ಳಾರಿ ಜಾಲಿ. ಮನೆ ಕಟ್ಟುವ ಹಣ ಇನ್ನೂ ಕೂಡಿಲ್ಲ. ಮಗಳ ಮದುವೆ ಆಗಬೇಕು, ಎರಡು ವರ್ಷ ಹತ್ತಿಗೆ ನೆಟ್ಟಗೆ ರೇಟು ಸಿಗಬೇಕು, ಬೆಂಗಳೂರಿನಲ್ಲಿರುವ ಮಗ ಒಂದಷ್ಟು ಕಳಿಸಬೇಕು. ಅದೆಲ್ಲ ನಿಧಾನಕ್ಕೆ ಆಗಲಿ, ಗೋಡೆ ಮಾತ್ರ ಈಗಲೇ ಬೇಕು. ಗೋಡೆ ಇದ್ದರೆ ಜಾಗ ನಮ್ಮದು, ಇಲ್ಲದಿದ್ದರೆ ಯಾರದೋ.

ಇದನ್ನು ಬರೀ ಭಯ ಎಂದು ತಳ್ಳಿಹಾಕುವಂತಿಲ್ಲ. ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಮನೆಗಳಿರುವ ನೆಲ ಹೆಚ್ಚಾಗಿ ಗ್ರಾಮಕಂಠ, ಅಂದರೆ ಗ್ರಾಮಠಾಣ. ಹೊಲಕ್ಕೆ ಸರ್ವೆ ನಂಬರು ಉಂಟು, ಪಾಸ್‌ಬುಕ್ಕು ಉಂಟು. ಊರೊಳಗಿನ ಮನೆಗೆ ಅಜ್ಜನ ಕಾಲದಿಂದ ವಾಸವಾಗಿದ್ದೇವೆ ಎಂಬುದೇ ಪತ್ರ. ಕೇಂದ್ರದ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾಗಿ ಡ್ರೋನುಗಳು ಹಳ್ಳಿಯ ಮೇಲೆ ಹಾರತೊಡಗಿದ ಮೇಲಷ್ಟೇ ಈ ಮನೆಗಳಿಗೆ ನಕ್ಷೆ ಬರುವ ಮಾತು ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ತನ್ನದೇ ಭೂ ಮರುಸರ್ವೆ ಆರಂಭಿಸಿತು, ಗಡಿಗೆ ಹೊಸ ಕಲ್ಲು ನೆಡಿಸಿತು. 2022ರ ಭೂ ಹಕ್ಕಿನ ಕಾಯ್ದೆ ಬಂತು; 2024ರಲ್ಲಿ ಸರ್ಕಾರ ಬದಲಾಗಿ ಆ ಕಾಯ್ದೆ ರದ್ದಾಯಿತು, ಹಳೆಯ ಮುಖ್ಯಮಂತ್ರಿಯ ಚಿತ್ರವಿದ್ದ ಗಡಿಕಲ್ಲುಗಳ ಗತಿ ಏನು ಎಂಬುದೇ ಒಂದು ಸುದ್ದಿಯಾಯಿತು. ಇಷ್ಟನ್ನೆಲ್ಲ ನೋಡಿದ ರೈತ ಕಾಗದಕ್ಕಿಂತ ಸಿಮೆಂಟನ್ನು ಹೆಚ್ಚು ನಂಬಿದರೆ ಅದು ಅವನ ತಪ್ಪಲ್ಲ.

ಆದರೆ ಗೋಡೆ ನಮ್ಮ ಜಾಗವನ್ನು ಕಾಯುವುದರ ಜೊತೆಗೆ ಬೀದಿಯ ಒಂದು ಬದಿಯೂ ಆಗುತ್ತದೆ. ಮನೆಯ ಒಳಗೆ ಯಾವ ಬಣ್ಣ ಬಳಿದರೂ ಯಾರೂ ಕೇಳುವುದಿಲ್ಲ. ಮುಂಗೋಡೆಯ ಎತ್ತರ, ಗೇಟು ಬೀಸುವ ದಿಕ್ಕು, ಗೇಟಿನ ಮುಂದಿನ ಮೆಟ್ಟಿಲು, ಈ ಮೂರು ಮಾತ್ರ ನಮ್ಮವೂ ಹೌದು, ಊರಿನವೂ ಹೌದು. ಆದವಾನಿಯ ಮುನಿಸಿಪಾಲಿಟಿಗೆ ಈ ವಿಷಯ ಹೊಸದೂ ಅಲ್ಲ.

ಮುನಿಸಿಪಾಲಿಟಿಗಿಂತ ಮೊದಲು ಹಳೆಯ ಮನೆಯ ಮಾತು. ಕೋಟೆ ಬುಡದ ಓಣಿಗಳಲ್ಲಿ, ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯ ಸುತ್ತಲಿನ ಕೇರಿಗಳಲ್ಲಿ ಹಳೆ ಮನೆಗೆ ಕಾಂಪೌಂಡೇ ಇಲ್ಲ. ಮನೆಯ ಗೋಡೆಯೇ ಬೀದಿಯ ಗೋಡೆ. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಬೀದಿಗೆ ಕಿಟಕಿ ಕಡಿಮೆ, ಗಾಳಿ ಬೆಳಕೆಲ್ಲ ಒಳಗಿನ ಅಂಗಳದಿಂದ. ಮುಂಬಾಗಿಲ ಎರಡೂ ಬದಿಗೆ ಕಟ್ಟೆ. ಸಂಜೆ ಗಂಡಸರ ಪಂಚಾಯಿತಿ, ಮಧ್ಯಾಹ್ನ ಹೆಂಗಸರ ಕೈಗೆ ಶೇಂಗಾ ಬಿಡಿಸುವ ಕೆಲಸ, ಬೇಸಿಗೆಯ ರಾತ್ರಿ ಹುಡುಗರ ಹಾಸಿಗೆ, ಎಲ್ಲಕ್ಕೂ ಅದೇ ಕಟ್ಟೆ. ದಾರಿಹೋಕ ಕೂತರೆ ಏಳು ಎನ್ನುವವರಿಲ್ಲ, ಅವನಿಗೆ ನೀರೂ ಸಿಗುತ್ತಿತ್ತು. ಕಟ್ಟೆ ಮನೆಯವರದೋ ಬೀದಿಯದೋ ಎಂದು ಯಾರೂ ಸರ್ವೆ ಮಾಡಿಸಿದ್ದಿಲ್ಲ. ಇದನ್ನು ತೀರ ಚೆಂದ ಮಾಡಿ ಹೇಳುವುದೂ ಬೇಡ. ಎಲ್ಲ ಕಟ್ಟೆಯ ಮೇಲೂ ಎಲ್ಲರೂ ಕೂಡುವಂತಿರಲಿಲ್ಲ. ಯಾವ ಜಾತಿಯವರು ಯಾರ ಕಟ್ಟೆಯ ಕೆಳಗೆ ನಿಲ್ಲಬೇಕು ಎಂಬ ಬರೆಯದ ನಿಯಮ ಎಲ್ಲ ಓಣಿಯಲ್ಲೂ ಇತ್ತು.

ಹಳ್ಳಿಗಳದ್ದು ಬೇರೆ ಬಗೆ. ಅಲ್ಲಿ ಮನೆಗೆ ಗೋಡೆ ಇರದೆ ಊರಿಗೇ ಗೋಡೆ ಇರುತ್ತಿತ್ತು. ಬಳ್ಳಾರಿ, ರಾಯಚೂರು, ಆದವಾನಿ ಸೀಮೆಯ ಅನೇಕ ಊರುಗಳಲ್ಲಿ ಅಗಸೆ ಬಾಗಿಲಿನ ಕಮಾನು, ಮುರಿದ ಹುಡೇವು ಇನ್ನೂ ನಿಂತಿವೆ. ಪಾಳೆಯಗಾರರ ದಂಡು, ಪಿಂಡಾರಿಗಳ ಕುದುರೆ ಬರುತ್ತಿದ್ದ ಕಾಲದ ಅಗತ್ಯ ಅದು. ಊರ ಸುತ್ತ, ಹಿತ್ತಲ ಸುತ್ತ ಪಾಪಾಸುಕಳ್ಳಿಯ ಬೇಲಿ. ಬೆಳೆಸಲು ಖರ್ಚಿಲ್ಲ, ದಾಟಲು ಧೈರ್ಯವಿಲ್ಲ. ಆ ಕಳ್ಳಿ ಬೇಲಿ ಬಿಟ್ಟು ಹೊಲ, ದಾರಿ, ಬಾವಿಕಟ್ಟೆ ಎಲ್ಲವನ್ನೂ ನುಂಗತೊಡಗಿದಾಗ ಮದರಾಸು ಸರ್ಕಾರದ ಕಾಲದಲ್ಲಿ, 1926ರ ಹೊತ್ತಿಗೆ, ಸಿಲೋನಿನಿಂದ ಒಂದು ಹಿಟ್ಟುತಿಗಣೆಯನ್ನು ತರಿಸಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಮೆಳೆಗಳು ಕರಗಿಹೋದವು. ಕಳ್ಳಿ ಬಿಟ್ಟ ಜಾಗಕ್ಕೆ ಬಂದಿದ್ದು ಜಾಲಿ. ಮೆಕ್ಸಿಕೊ ಸೀಮೆಯ ಈ ಮರದ ಬೀಜವನ್ನು 1870ರ ದಶಕದ ಕೊನೆಯಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಸೌದೆಗೆಂದು ಬಿತ್ತಿದ್ದು ದಾಖಲೆಯಲ್ಲಿದೆ. ಇತ್ತ ನಾವು ಬಳ್ಳಾರಿ ಜಾಲಿ ಎಂದು ಬಳ್ಳಾರಿಯ ತಲೆಗೆ ಕಟ್ಟಿದೆವು, ಅತ್ತ ತೆಲುಗರು ಸರ್ಕಾರಿ ತುಮ್ಮ ಎಂದು ಸರ್ಕಾರದ ತಲೆಗೆ ಕಟ್ಟಿದರು. ಇಂದಿಗೂ ಹೊಳಗುಂದ, ಕೌತಾಳ, ಕೋಸಿಗಿ ಕಡೆಯ ಹಿತ್ತಲಿಗೆ ಜಾಲಿಮುಳ್ಳು, ಹತ್ತಿಕಟ್ಟಿಗೆ, ಇಲ್ಲವೇ ಸಾಲಾಗಿ ನೆಟ್ಟ ಕಲ್ಲುಚಪ್ಪಡಿಯೇ ಬೇಲಿ.

ಮನೆಯ ಮುಂದೆ ಜಾಗ ಬಿಟ್ಟು, ಆ ಜಾಗದ ಅಂಚಿಗೆ ಗೋಡೆ ಕಟ್ಟಿ, ಗೋಡೆಗೆ ಗೇಟು ಹಾಕುವ ರೀತಿ ನಮ್ಮಲ್ಲಿಗೆ ಬಂದಿದ್ದು ಬಂಗಲೆಗಳಿಂದ. 1871ರಲ್ಲಿ ಮದರಾಸಿನ ಹಳಿ, ಮುಂಬಯಿಯ ಹಳಿ ರಾಯಚೂರಿನಲ್ಲಿ ಕೂಡಿದವು. ಆದವಾನಿ ಆ ಹಾದಿಯ ಮೇಲಿನ ಊರು. ಸ್ಟೇಷನ್ನು, ರೈಲ್ವೆ ಕ್ವಾರ್ಟರ್ಸು, ಸಾಹೇಬರ ಬಂಗಲೆ, ಹಿಂದೆಯೇ ಜಿನ್ನಿಂಗ್ ಮಿಲ್ಲು, ಮಿಲ್ಲು ಮಾಲೀಕರ ಮನೆಗಳು. ಎರಡನೆಯ ಮುಂಬಯಿ ಎಂದು ಊರು ಹೆಮ್ಮೆಯಿಂದ ಕರೆದುಕೊಳ್ಳುವಂತೆ ಮಾಡಿದ ಹತ್ತಿ ವ್ಯಾಪಾರವೇ ಗೇಟಿನ ಮನೆಯ ಆಸೆಯನ್ನೂ ಹುಟ್ಟಿಸಿತು. ಈಗ ಒಂದೂವರೆ ಸೆಂಟಿನ ಪ್ಲಾಟಿನಲ್ಲೂ ಬಂಗಲೆಯ ಗೇಟು ಬೇಕು. ಬಂಗಲೆಗೆ ಇದ್ದಿದ್ದು ಎಕರೆ ಜಾಗ ಎಂಬುದು ಮರೆತುಹೋಗಿದೆ.

ಆದವಾನಿಗೆ ಮುನಿಸಿಪಾಲಿಟಿ ಬಂದಿದ್ದು 1865ರಲ್ಲಿ. ಅಂದರೆ ರೈಲಿಗಿಂತ ಮೊದಲು. ಆಗ ಇದು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ. ಈ ಊರಿನ ಬೀದಿಗಳನ್ನು ಬಹುಕಾಲ ಆಳಿದ್ದು 1920ರ ಮದರಾಸು ಜಿಲ್ಲಾ ಮುನಿಸಿಪಾಲಿಟಿಗಳ ಕಾಯ್ದೆ. ಆ ಕಾಯ್ದೆಯನ್ನು ತೆರೆದರೆ ತೆರಿಗೆ, ಚುನಾವಣೆಗಳ ನಡುವೆ ಮನೆಯ ಮುಂಭಾಗದ ಬಗ್ಗೆ ಕೆಲವು ಸಣ್ಣ ಸಣ್ಣ ಕಲಮುಗಳು ಸಿಗುತ್ತವೆ. ಬರೆದವನು ಯಾರೋ, ಬೀದಿಯಲ್ಲಿ ನಡೆದು ನೋಡಿಯೇ ಬರೆದಿದ್ದಾನೆ. ಬಾಗಿಲು, ಗೇಟು, ಅಡ್ಡಪಟ್ಟಿ, ನೆಲಮಹಡಿಯ ಕಿಟಕಿ ಯಾವುದೂ ಲೈಸೆನ್ಸಿಲ್ಲದೆ ಬೀದಿಯ ಕಡೆಗೆ ತೆರೆಯುವಂತಿಲ್ಲ, ಇದು ಒಂದು. ಬೀದಿಯಂಚಿನ ಬೇಲಿಗಿಡವನ್ನು ಇಂತಿಷ್ಟು ಎತ್ತರಕ್ಕೆ ಕತ್ತರಿಸು ಎಂದು ನೋಟಿಸು ಕೊಡಬಹುದು. ಗೋಡೆಯೋ ಬೇಲಿಯೋ ತನ್ನ ಎತ್ತರದಿಂದ, ನಿಂತ ಜಾಗದಿಂದ ಹೋಗಿಬರುವ ಗಾಡಿಗಳ ನೋಟಕ್ಕೆ ಅಡ್ಡವಾಗಿ ಅಪಾಯ ತರುವಂತಿದ್ದರೆ ತಗ್ಗಿಸು ಎಂದೂ ಹೇಳಬಹುದು, ಇದು ಇನ್ನೊಂದು. ಮೂರನೆಯದು ಬಲು ಮಾನವೀಯವಾದದ್ದು. ಮನೆಯೊಳಗೆ ಹೋಗಲು ಅಗತ್ಯವಾದ ಮೆಟ್ಟಿಲನ್ನು, ಮೋರಿಯ ಮುಚ್ಚಳವನ್ನು ಬೀದಿಯ ಮೇಲೆ ಕಟ್ಟಿಕೊಳ್ಳಲು ಷರತ್ತಿನ ಮೇಲೆ ಲೈಸೆನ್ಸು ಕೊಡಬಹುದು. ಬೇಡವೇ ಬೇಡ ಎನ್ನಲಿಲ್ಲ, ಬೇಕಾದಷ್ಟು ಎಂದೂ ಬಿಡಲಿಲ್ಲ. ಅಗತ್ಯವಾದಷ್ಟು, ಅದೂ ಕೇಳಿಕೊಂಡು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಕಳಚಿ ಆಂಧ್ರ ರಾಜ್ಯ ಸೇರಿದವು. ಬಳ್ಳಾರಿ ಮೈಸೂರಿಗೆ ಬಂತು. ಕಚೇರಿಯ ಭಾಷೆ ಬದಲಾಯಿತು, ಜಿಲ್ಲಾ ಕೇಂದ್ರ ಬದಲಾಯಿತು, ಬೀಗರ ಮನೆ ಬೇರೆ ರಾಜ್ಯವಾಯಿತು. ಈ ಕಲಮುಗಳು ಮಾತ್ರ ಎರಡೂ ಕಡೆ ಉಳಿದವು. ಆಂಧ್ರದ 1965ರ ಮುನಿಸಿಪಾಲಿಟಿಗಳ ಕಾಯ್ದೆ ಮದರಾಸಿನ ಕಾಯ್ದೆಯ ಮಗು. ಕರ್ನಾಟಕದ 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲೂ ಹೊರಕ್ಕೆ ತೆರೆಯುವ ಬಾಗಿಲಿನ ಮಾತು, ಬೇಲಿ ಕತ್ತರಿಸುವ ಮಾತು ಹೆಚ್ಚುಕಡಿಮೆ ಅದೇ ವಾಕ್ಯಗಳಲ್ಲಿ ಇದೆ. ಹೀಗಾಗಿ ಬಳ್ಳಾರಿಯ ಗೇಟಿಗೂ ಆದವಾನಿಯ ಗೇಟಿಗೂ ಇಂದಿಗೂ ಒಂದೇ ಬಗೆಯ ಕಾನೂನು. ಎರಡೂ ಊರಲ್ಲಿ ಅದನ್ನು ಸಮಾನವಾಗಿ ಮರೆತಿದ್ದಾರೆ ಎಂಬುದೂ ಅಷ್ಟೇ ನಿಜ.

ಗೇಟು ಹೊರಕ್ಕೆ ಯಾಕೆ ತೆರೆಯುತ್ತದೆ? ಮಾಲೀಕನ ಹಟಮಾರಿತನ ಕಾರಣವಲ್ಲ, ಲೆಕ್ಕ ಕಾರಣ. ಆಂಧ್ರದಲ್ಲಿ ಈಗ ಮನೆಗಳ ಪ್ಲಾನಿಗೆ ಆಧಾರ 2017ರ ಮಾರ್ಚಿನಲ್ಲಿ ಬಂದ ಕಟ್ಟಡ ನಿಯಮಗಳು. ಚಿಕ್ಕ ಪ್ಲಾಟಿನಲ್ಲಿ, ಸಾಧಾರಣ ರಸ್ತೆಗೆ ಮುಖ ಮಾಡಿದ ಮನೆ ಮುಂದೆ ಬಿಡಬೇಕಾದ ಜಾಗ ಒಂದೂವರೆ ಮೀಟರು, ಅಂದರೆ ಐದಡಿ. ಕಾರು ಒಳಗೆ ಹೋಗಲು ಹತ್ತಡಿ ಗೇಟು ಬೇಕು. ಎರಡು ರೆಕ್ಕೆಯಾದರೆ ಒಂದೊಂದು ಐದಡಿ. ಒಳಕ್ಕೆ ತೆರೆದರೆ ಐದಡಿ ಜಾಗದಲ್ಲಿ ಐದಡಿ ರೆಕ್ಕೆ. ಅಲ್ಲೇ ಸ್ಕೂಟರು, ಅಲ್ಲೇ ಸಂಪಿನ ಮುಚ್ಚಳ, ಅಲ್ಲೇ ತುಳಸಿ. ಹೀಗಾಗಿ ವೆಲ್ಡರು ಕೀಲನ್ನು ಹೊರಕ್ಕೆ ತಿರುಗಿಸುತ್ತಾನೆ. ಬೆಳಿಗ್ಗೆ ಕಾರು ಹೊರಡುವಾಗ ಎರಡೂ ರೆಕ್ಕೆಗಳು ಬೀದಿಗೆ ಚಾಚುತ್ತವೆ, ಎದುರು ಮನೆಯವರದೂ ಚಾಚಿದರೆ ನಡುವೆ ಶಾಲೆಯ ಆಟೊ ನಿಂತು ಹಾರನ್ ಹೊಡೆಯುತ್ತದೆ. ಪಕ್ಕಕ್ಕೆ ಜಾರುವ ಗೇಟು, ಮೂರು ಮಡಿಕೆಯ ಗೇಟು ಮಾಡಿಸಿದರೆ ಇದು ಮುಗಿಯುತ್ತದೆ. ಅದಕ್ಕೆ ಸ್ವಲ್ಪ ಹೆಚ್ಚು ಖರ್ಚು, ನಿಜ. ಆದರೆ ಗೇಟಿನ ಮೇಲೆ ಲೇಸರಿನಲ್ಲಿ ಕತ್ತರಿಸಿದ ನವಿಲು ಕೂರಿಸಲು ದುಡ್ಡಿರುವವರಿಗೆ ಕೆಳಗೆ ಗಾಲಿ ಹಾಕಿಸಲು ದುಡ್ಡಿಲ್ಲ ಎಂದರೆ ನಂಬುವುದು ಕಷ್ಟ.

ಎತ್ತರದ ವಿಷಯಕ್ಕೆ ಬರೋಣ. ಭಾರತೀಯ ಮಾನಕ ಬ್ಯೂರೊ ಹೊರತಂದಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ರಾಜ್ಯಗಳಿಗೆ, ನಗರಸಭೆಗಳಿಗೆ ಒಂದು ಮಾದರಿ. ಅದರ ಪ್ರಕಾರ ಮುಂಭಾಗದ ಗೋಡೆ ರಸ್ತೆಯ ನಡುಗೆರೆಯ ಮಟ್ಟದಿಂದ ಒಂದೂವರೆ ಮೀಟರು ಮೀರಬಾರದು. 2.4 ಮೀಟರಿನವರೆಗೂ ಹೋಗಬಹುದು, ಆದರೆ ಮೇಲಿನ 0.9 ಮೀಟರು ಕಣ್ಣು ಹಾಯುವಂಥ ಗ್ರಿಲ್ಲು, ಜಾಲರಿ ಆಗಿರಬೇಕು. ಮೂಲೆ ಪ್ಲಾಟಾದರೆ, ಎರಡು ರಸ್ತೆ ಕೂಡುವ ಕಡೆ ಎರಡೂ ಬದಿಗೆ ಹತ್ತು ಮೀಟರು ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರು ಮಾತ್ರ. ಮಂಡಿಗಿಂತ ಕೊಂಚ ಮೇಲೆ, ಅಷ್ಟೇ. ಮಿಕ್ಕಿದ್ದು ಸರಳು. ಜೈಲಿಗೆ ಮಾತ್ರ ಈ ನಿಯಮ ಇಲ್ಲ. ಈ ಕೊನೆಯ ಮಾತನ್ನು ಓದಿ ನಗು ಬಂತು, ಯಾಕೆಂದರೆ ನಮ್ಮ ಎಷ್ಟೋ ಹೊಸ ಮನೆಗಳ ಗೋಡೆಯ ಮೇಲೆ ಗಾಜಿನ ಚೂರು, ಅದರ ಮೇಲೆ ಮುಳ್ಳುತಂತಿ ನೋಡಿದರೆ ಆ ವಿನಾಯಿತಿಯನ್ನೇ ಕೇಳಿಕೊಂಡಂತಿದೆ.

ಎತ್ತರದ ಕುರುಡು ಗೋಡೆ ಕಳ್ಳನನ್ನು ತಡೆಯುತ್ತದೆ ಎಂಬುದು ಜನರ ಗಟ್ಟಿ ನಂಬಿಕೆ. ಗೋಡೆ ಹಾರುವ ತನಕ ಮಾತ್ರ ಅದು ಕಳ್ಳನಿಗೆ ಅಡ್ಡಿ. ಹಾರಿದ ಮೇಲೆ ಅದು ಅವನಿಗೇ ಮರೆ; ಎದುರು ಮನೆಯ ಅಜ್ಜಿಗೆ ಏನೂ ಕಾಣದು. ಕಟ್ಟೆಯ ಮೇಲೆ ಕೂತ ನಾಲ್ಕು ಕಣ್ಣುಗಳಷ್ಟು ಅಗ್ಗದ ಕಾವಲು ಇನ್ನೊಂದಿಲ್ಲ. ಅಲ್ಲದೆ ಉದ್ದನೆಯ ಕುರುಡು ಗೋಡೆಗೆ ನಮ್ಮ ದೇಶದಲ್ಲಿ ಬೇರೆಯೇ ಒಂದು ಉಪಯೋಗ ಹುಟ್ಟಿಕೊಳ್ಳುತ್ತದೆ. ಅದನ್ನು ತಡೆಯಲು ಮಾಲೀಕರು ತಿರುಪತಿ ತಿಮ್ಮಪ್ಪ, ಕಾಬಾ, ಶಿಲುಬೆಗಳ ಟೈಲುಗಳನ್ನು ಸಾಲಾಗಿ ಅಂಟಿಸುತ್ತಾರೆ. ಸರ್ವಧರ್ಮ ಸಮನ್ವಯ ಇಷ್ಟು ನಿಷ್ಠೆಯಿಂದ ಆಚರಣೆಯಾಗುವ ಜಾಗ ಊರಲ್ಲಿ ಬೇರೆ ಸಿಗಲಿಕ್ಕಿಲ್ಲ.

ಮುನಿಸಿಪಾಲಿಟಿಯ ನಿಯಮವನ್ನು ಓದದ ಜನ ನಿಯಮವಿಲ್ಲದೆ ಗೋಡೆ ಕಟ್ಟುತ್ತಾರೆ ಎಂದುಕೊಂಡರೆ ತಪ್ಪು. ಅಂಗುಲ ಅಂಗುಲಕ್ಕೂ ನಿಯಮ ಉಂಟು, ಅದು ವಾಸ್ತು ಸಿದ್ಧಾಂತಿಯದು. ದಕ್ಷಿಣ, ಪಶ್ಚಿಮದ ಗೋಡೆ ಎತ್ತರ, ದಪ್ಪ. ಉತ್ತರ, ಪೂರ್ವದ್ದು ತಗ್ಗು, ತೆಳು. ಗೇಟು ಇಂಥ ಪಾದದಲ್ಲೇ ಬರಬೇಕು. ಎದುರಿನಿಂದ ಬೀದಿ ಬಂದು ಮನೆಗೆ ಗುದ್ದುವಂತಿದ್ದರೆ ಗಣಪನನ್ನು ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಈಶಾನ್ಯ ಬೆಳೆದಿರಬೇಕು. ತೆಲುಗು ಸೀಮೆಯಲ್ಲಿ ಈ ಕೊನೆಯದಕ್ಕೆ ಇರುವ ಬಲ ಕನ್ನಡ ಸೀಮೆಯಲ್ಲಿ ಅಷ್ಟಿಲ್ಲ. ಪ್ಲಾಟು ಚೌಕವಾಗಿದ್ದರೆ ಈಶಾನ್ಯ ಬೆಳೆಯುವುದು ಎಲ್ಲಿಗೆ? ಬೀದಿಗೆ. ಮೂರಂಗುಲ, ನಾಲ್ಕಂಗುಲ, ಒಂದು ಗೇಣು. ದಾರ ಹಿಡಿದು ನೋಡಿದರೆ ಬೀದಿಯ ಉದ್ದಕ್ಕೂ ಗೋಡೆಗಳು ಒಂದು ಮೂಲೆಯಲ್ಲಿ ಮೆಲ್ಲಗೆ ಮೂತಿ ಚಾಚಿರುವುದು ಕಾಣುತ್ತದೆ. ಮುನಿಸಿಪಾಲಿಟಿಯ ಮಾತನ್ನು ಬಿಟ್ಟಿ ಕೊಟ್ಟರೂ ಕೇಳದವರು ಸಿದ್ಧಾಂತಿಗೆ ದಕ್ಷಿಣೆ ಕೊಟ್ಟು, ಕಟ್ಟಿದ ಗೋಡೆಯನ್ನು ಒಡೆದು ಮತ್ತೆ ಕಟ್ಟುತ್ತಾರೆ. ವಾಸ್ತುವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಉತ್ತರ ಪೂರ್ವಕ್ಕೆ ಗೋಡೆ ತಗ್ಗಿರಲಿ ಎಂಬ ಮಾತಿನಲ್ಲಿ ಬೆಳಗಿನ ಬಿಸಿಲಿನ ವಿವೇಕವೂ ಇದೆ. ಸಿದ್ಧಾಂತಿಗಳೇ ಮನಸ್ಸು ಮಾಡಿ ಬೀದಿಯನ್ನು ತಿಂದ ಈಶಾನ್ಯಕ್ಕೆ ಫಲವಿಲ್ಲ ಎಂದು ಒಂದು ಮಾತು ಸೇರಿಸಿದರೆ, ಯಾವ ಕಮಿಷನರ್ ಕೈಯಲ್ಲೂ ಆಗದ ಕೆಲಸ ಒಂದು ವರ್ಷದಲ್ಲಿ ಆಗಿಬಿಡುತ್ತದೆ.

ಇನ್ನು ಮೋರಿ. ನನ್ನ ಮಟ್ಟಿಗೆ ಇಡೀ ವಿಷಯದ ಹೊಟ್ಟೆ ಇರುವುದು ಇಲ್ಲಿಯೇ. ಗೋಡೆ ಎಷ್ಟೇ ಎತ್ತರವಿದ್ದರೂ, ಈಶಾನ್ಯದ ಆ ಗೇಣು ಬಿಟ್ಟರೆ, ಅದು ಮಾಲೀಕನ ನೆಲದ ಮೇಲೆ ನಿಂತಿದೆ. ಗೇಟಿನ ಆಚೆಗೆ ಸುರಿದ ಕಾಂಕ್ರೀಟಿನ ಇಳಿಜಾರು ಮಾತ್ರ ಪೂರ್ತಿ ಊರಿನ ನೆಲದ ಮೇಲಿದೆ. ಅದು ಹುಟ್ಟುವ ಬಗೆ ಹೀಗೆ. ರಸ್ತೆಗೆ ಪ್ರತಿ ಸಲ ಹೊಸ ಸಿ.ಸಿ. ಹಾಕುವಾಗ ಹಳೆಯದನ್ನು ಅಗೆದು ತೆಗೆಯುವುದಿಲ್ಲ, ಮೇಲೆಯೇ ಸುರಿಯುತ್ತಾರೆ. ರಸ್ತೆ ಏರುತ್ತದೆ. ಹಳೇ ಮನೆಗಳು ತಗ್ಗಿಗೆ ಬೀಳುತ್ತವೆ. ಇದನ್ನು ನೋಡಿದ ಹೊಸ ಮನೆಯವನು ಮುಂದಿನ ಇಪ್ಪತ್ತು ವರ್ಷದ ರಸ್ತೆಯನ್ನೂ ಲೆಕ್ಕ ಹಾಕಿ ತನ್ನ ತಳಪಾಯವನ್ನು ಮೂರಡಿ ಎತ್ತುತ್ತಾನೆ. ಮೂರಡಿ ಎತ್ತರಕ್ಕೆ ಬೈಕು, ಕಾರು ಹತ್ತಬೇಕಾದರೆ ಉದ್ದನೆಯ ಇಳಿಜಾರು ಬೇಕು. ಒಳಗೆ ಇರುವುದು ಐದಡಿ. ಇಳಿಜಾರು ಗೇಟು ದಾಟಿ, ಮೋರಿ ದಾಟಿ, ರಸ್ತೆಗೆ ನಾಲಿಗೆ ಚಾಚುತ್ತದೆ. ಅದರ ಕೆಳಗೆ ಮೋರಿ ಹೂತುಹೋಗುತ್ತದೆ.

ಒಂದು ಮನೆಯ ಮುಂದೆ ಹತ್ತಡಿ, ಪಕ್ಕದಲ್ಲಿ ಹತ್ತಡಿ. ಓಣಿಯುದ್ದಕ್ಕೂ ಮೋರಿ ಸುರಂಗವಾಗುತ್ತದೆ. ಪೌರಕಾರ್ಮಿಕರ ಸಲಿಕೆ ಎರಡು ಮನೆಗಳ ನಡುವಿನ ಗೇಣು ಸಂದಿಯಲ್ಲಿ ಇಳಿಯುತ್ತದೆಯೇ ಹೊರತು ಕಾಂಕ್ರೀಟಿನ ಕೆಳಗಿನ ಹೂಳಿಗೆ ಮುಟ್ಟುವುದಿಲ್ಲ. ಆದವಾನಿ ಮಳೆ ಕಡಿಮೆಯ ಸೀಮೆ. ಆದರೆ ಬಂದಾಗ ಹೊಡೆದು ಬರುತ್ತದೆ, ಸುತ್ತಲಿನ ಬೋಳುಗುಡ್ಡದ ಬಂಡೆಗಳಿಂದ ನೀರು ಒಮ್ಮೆಲೆ ಇಳಿಯುತ್ತದೆ. ಆಗ ನೀರು ನುಗ್ಗುವುದು ಇಳಿಜಾರು ಕಟ್ಟಿದವನ ಮನೆಗಲ್ಲ, ಎದುರಿನ ತಗ್ಗಿನ ಮನೆಗೆ. ಮಾರನೆಯ ದಿನ ಮುನಿಸಿಪಾಲಿಟಿಗೆ ಬೈಯುವವರಲ್ಲಿ ಇಳಿಜಾರಿನವನೂ ಇರುತ್ತಾನೆ.

ಹಳೆಯ ಕಾಯ್ದೆ ಹೇಳಿದ್ದು ಅಗತ್ಯವಾದ ಮೆಟ್ಟಿಲು, ಮೋರಿಯ ಮುಚ್ಚಳ. ಮುಚ್ಚಳ ಎಂದರೆ ತೆಗೆಯಲು ಬರುವಂಥದ್ದು. ಅದಕ್ಕೆ ಬೇಕಾದ ಸಾಮಾನು ನಮ್ಮ ಕಾಲಬುಡದಲ್ಲೇ ಇದೆ. ಬೇತಂಚೆರ್ಲದ ನಾಪಕಲ್ಲು, ಸ್ಥಳೀಯ ಗ್ರಾನೈಟಿನ ಚಪ್ಪಡಿ ಎರಡೂ ಇಲ್ಲಿ ಸಲೀಸಾಗಿ ಸಿಗುತ್ತವೆ. ಅಂಥ ಬಂಡೆಗಳನ್ನು ಮೋರಿಗೆ ಅಡ್ಡಲಾಗಿ ಬಿಡಿಬಿಡಿಯಾಗಿ ಹಾಸಿದರೆ ಇಬ್ಬರು ಸಬ್ಬಲು ಹಾಕಿ ಎತ್ತಬಹುದು, ಹೂಳು ತೆಗೆದು ಮತ್ತೆ ಮುಚ್ಚಬಹುದು. ಹಳೆ ಓಣಿಗಳಲ್ಲಿ ಹೀಗೆಯೇ ಮಾಡಿದ್ದಾರೆ. ಕಾಂಕ್ರೀಟು ಸುರಿದಾಗ ಮಾತ್ರ ಮುಚ್ಚಳ ಗೋರಿಯಾಗುತ್ತದೆ.

ಬೀದಿಯ ಮೇಲೆ ಕಟ್ಟಿದ್ದಕ್ಕೆ ಕಾನೂನಿನ ಆಸರೆ ಎಷ್ಟು ತೆಳು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬುಲ್ಡೋಜರು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಕೊಟ್ಟ ತೀರ್ಪು ದೊಡ್ಡ ಸುದ್ದಿಯಾಯಿತು: ಹದಿನೈದು ದಿನದ ನೋಟಿಸು ಕೊಡದೆ ಯಾರ ಕಟ್ಟಡವನ್ನೂ ಕೆಡವಬಾರದು. ಅದೇ ತೀರ್ಪಿನಲ್ಲಿ ಒಂದು ಹೊರತು ಇದೆ. ರಸ್ತೆ, ಬೀದಿ, ಫುಟ್‌ಪಾತಿನಂಥ ಸಾರ್ವಜನಿಕ ಜಾಗದ ಮೇಲಿನ ಅಕ್ರಮ ಕಟ್ಟಡಕ್ಕೆ ಈ ರಕ್ಷಣೆ ಅನ್ವಯಿಸದು. ನಿಮ್ಮ ಮನೆಗೆ ರಕ್ಷಣೆ ಉಂಟು, ಗೇಟಿನ ಆಚೆಗಿನ ಮೂರಡಿಗೆ ಇಲ್ಲ.

ಹಾಗಾದರೆ ಮುನಿಸಿಪಾಲಿಟಿ ಏನು ಮಾಡುತ್ತಿದೆ? ಜನ ಇಲ್ಲ ಎಂಬ ನೆಪ ಈಗ ನಡೆಯದು. ಆಂಧ್ರದಲ್ಲಿ 2019ರ ಅಕ್ಟೋಬರಿನಲ್ಲಿ ವಾರ್ಡು ಸಚಿವಾಲಯಗಳು ಬಂದಾಗ ಪ್ಲಾನಿಂಗ್ ಮತ್ತು ರೆಗ್ಯುಲೇಷನ್ ಕಾರ್ಯದರ್ಶಿ ಎಂಬ ಹುದ್ದೆಯನ್ನೇ ಸೃಷ್ಟಿಸಿದರು. ಓಣಿಯಲ್ಲಿ ಪಾಯ ತೋಡಿದ ದಿನವೇ ಗೊತ್ತಾಗುವಷ್ಟು ಹತ್ತಿರ ಕೂತವರು ಅವರು. ಪ್ಲಾನು ಆನ್‌ಲೈನಿನಲ್ಲಿ ಬರುತ್ತದೆ, ಸೆಟ್‌ಬ್ಯಾಕನ್ನು ಕಂಪ್ಯೂಟರೇ ಅಳೆಯುತ್ತದೆ. ಆದರೆ ಆ ನಕ್ಷೆ ಗೋಡೆಯ ಗೆರೆಗೆ ನಿಂತುಬಿಡುತ್ತದೆ. ಗೆರೆಯ ಆಚೆಗೆ ಗೇಟು ಎತ್ತ ಬೀಸುತ್ತದೆ, ಇಳಿಜಾರು ಎಲ್ಲಿ ಮುಗಿಯುತ್ತದೆ, ಮೋರಿಯ ಮೇಲೆ ಏನು ಕೂರುತ್ತದೆ ಎಂದು ಯಾರೂ ಬರೆಯಿಸಿಕೊಳ್ಳುವುದಿಲ್ಲ. ಜೊತೆಗೆ ಸರ್ಕಾರವೇ ಆಗಾಗ ಕ್ಷಮೆ ಮಾರುತ್ತದೆ. 2019ರಲ್ಲಿ ಕಟ್ಟಡಗಳಿಗೆ ಬಿ.ಪಿ.ಎಸ್., 2020ರಲ್ಲಿ ಬಡಾವಣೆಗಳಿಗೆ ಎಲ್.ಆರ್.ಎಸ್. ಎಂಬ ಯೋಜನೆ ತಂದಿತು, ದುಡ್ಡು ಕಟ್ಟಿ ಸಕ್ರಮ ಮಾಡಿಕೊಳ್ಳಿ ಎಂದು. ನಿಯಮ ಪಾಲಿಸಿದ ಪಕ್ಕದ ಮನೆಯವನು ಇದನ್ನು ನೋಡಿ ಕಲಿಯುವ ಪಾಠ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಗೋಡೆಯ ಮಾತೇ ಬರದ ಬಡಾವಣೆಗಳೂ ಇವೆ. 2020ರ ಡಿಸೆಂಬರಿನಲ್ಲಿ ಆರಂಭವಾದ ಬಡವರ ಮನೆ ಯೋಜನೆಯಲ್ಲಿ ಪಟ್ಟಣಕ್ಕೆ ಒಂದು ಸೆಂಟು, ಹಳ್ಳಿಗೆ ಒಂದೂವರೆ ಸೆಂಟು ಜಾಗ ಕೊಟ್ಟರು. ಒಂದು ಸೆಂಟೆಂದರೆ ಸುಮಾರು 48 ಚದರ ಗಜ, ಮನೆ 340 ಚದರ ಅಡಿ. ಅಲ್ಲಿ ಕಾಂಪೌಂಡು ಎಲ್ಲಿಂದ ಬರಬೇಕು? ಜನ ಬಾಗಿಲ ಮುಂದೆ ಎರಡು ಮೆಟ್ಟಿಲು ಕಟ್ಟಿ ಅದರ ಮೇಲೆಯೇ ಕೂತರು. ಬಟ್ಟೆ ಒಣಗುವುದೂ ಬೀದಿಯಲ್ಲಿ, ಮಕ್ಕಳು ಆಡುವುದೂ ಬೀದಿಯಲ್ಲಿ. ಹಳೆ ಓಣಿಯ ಕಟ್ಟೆ ಬೇರೆ ರೂಪದಲ್ಲಿ ಮರಳಿದೆ, ಆಯ್ಕೆಯಿಂದಲ್ಲ, ಜಾಗ ಸಾಲದೆ. ಒತ್ತುವರಿ ತೆರವು ಎಂದು ಯಾವ ಅಧಿಕಾರಿಯಾದರೂ ಹೊರಟರೆ ಮೊದಲು ಈ ಎರಡು ಮೆಟ್ಟಿಲುಗಳ ಮೇಲೆ ಬೀಳುತ್ತಾನೇನೋ ಎಂಬುದು ನನ್ನ ಭಯ. ಕಾಯ್ದೆಯಲ್ಲಿ ಅಗತ್ಯವಾದ ಎಂಬ ಪದ ಇರುವುದು ಇವರಿಗಾಗಿ. ಬೀದಿಯ ಅರ್ಧ ನುಂಗಿದ ಗ್ರಾನೈಟಿನ ಇಳಿಜಾರು ಮೊದಲು ಹೋಗಲಿ.

ಹೊರದೇಶಗಳಲ್ಲಿ ಇದರ ಮೇಲೆ ನಡೆಯುವ ಜಗಳ ನಮಗೆ ವಿಚಿತ್ರ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ವಾಹನ ಓಡಾಡುವ ರಸ್ತೆಗೆ ಅಂಟಿದ ಬೇಲಿ ಒಂದು ಮೀಟರು ಮೀರಿದರೆ ಕೌನ್ಸಿಲಿನ ಅನುಮತಿ ಬೇಕು, ಬೇರೆ ಕಡೆ ಎರಡು ಮೀಟರು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಮನೆಯ ಮುಂದೆ ಬೇಲಿಯೇ ಬೇಡ ಎಂಬುದು ಊರು ಕಟ್ಟಿದ ದಿನಗಳಿಂದ ಬಂದ ನೀತಿ. ಬೇಕಾದರೆ ಹಸಿರು ಗಿಡದ ಸಾಲು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಂಥ ಊರುಗಳಲ್ಲಿ ಬಾಡಿಗೆಗಿದ್ದಾರೆ, ಕೆಲವರು ಮನೆ ಕೊಂಡಿದ್ದಾರೆ. ಅಲ್ಲಿ ಬೇಲಿಗಿಡ ಅರ್ಧ ಅಡಿ ಹೆಚ್ಚಾದರೂ ಕತ್ತರಿ ಹಿಡಿಯುವವರು ಊರಿಗೆ ಬಂದು ಅಪ್ಪನಿಗೆ ಎಂಟಡಿ ಗೋಡೆ ಕಟ್ಟಿಸಿಕೊಟ್ಟು ಹೋಗುತ್ತಾರೆ. ಅಲ್ಲಿನ ನಿಯಮವನ್ನು ಇಲ್ಲಿಗೆ ಹೊತ್ತು ತರುವುದು ಮೂರ್ಖತನ. ನಮ್ಮ ಬೀದಿಯಲ್ಲಿ ಎಮ್ಮೆ ನಡೆಯುತ್ತದೆ, ಹಂದಿ ನಡೆಯುತ್ತದೆ, ಊರಿನ ಲಕ್ಷ್ಮಮ್ಮವ್ವನ ಜಾತ್ರೆಗೆ ಬಂದ ಜನ ನಡೆಯುತ್ತಾರೆ, ಗಣೇಶನ ಮೆರವಣಿಗೆ ನಡೆಯುತ್ತದೆ. ನಮಗೆ ಗೋಡೆ ಬೇಕು. ಎಂಥ ಗೋಡೆ ಎಂಬುದಷ್ಟೇ ಪ್ರಶ್ನೆ.

ನನ್ನ ಮಟ್ಟಿಗೆ ಮುನಿಸಿಪಾಲಿಟಿ ದೊಡ್ಡ ಮಾಸ್ಟರ್ ಪ್ಲಾನಿನ ದಾರಿ ಕಾಯುವುದು ಬೇಡ. ಮೂಲೆಯ ಗೋಡೆ ತಗ್ಗಿರುವುದು, ಗೇಟು ಬೀದಿಗೆ ಬೀಸದಿರುವುದು, ಮೋರಿಯ ಮುಚ್ಚಳ ಎತ್ತಲು ಬರುವುದು, ಇಷ್ಟನ್ನು ಪ್ಲಾನಿನ ಹಾಳೆಯಲ್ಲೇ ಬರೆಸಿಕೊಂಡರೆ ಸಾಕು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಹುದ್ದೆಯೂ ಬೇಡ. ಸರ್ಕಾರಿ ಆದೇಶಗಳು ಇಂಗ್ಲಿಷಿನಲ್ಲಿ ಹುಟ್ಟಿ ಅಲ್ಲೇ ಉಳಿಯುತ್ತವೆ. ಒಂದು ಚಿತ್ರವಿರುವ ಹಾಳೆಯನ್ನು ತೆಲುಗಿನಲ್ಲಿ, ಉರ್ದುವಿನಲ್ಲಿ, ಈ ಊರಿನ ಬಹಳ ಮನೆಗಳ ಮಾತಾದ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ವಾರ್ಡು ಸಚಿವಾಲಯದ ಗೋಡೆಗೆ ಅಂಟಿಸಲಿ. ಪಂಚಾಯಿತಿಗಳೂ ಹೊಸ ವೆಂಚರಿಗೆ ಸಹಿ ಹಾಕುವ ಮುನ್ನ ಇದನ್ನೇ ಕೇಳಲಿ. ಗೋಡೆಗಳು ಎದ್ದ ಮೇಲೆ ಕೇಳುವುದು ಜಗಳ, ಏಳುವ ಮೊದಲು ಕೇಳುವುದು ಸುಲಭ.

ಮುಂದಿನ ಮುಹೂರ್ತಕ್ಕೆ ಕಾಂಪೌಂಡು ಎಬ್ಬಿಸಲು ಇಟ್ಟಿಗೆ ಇಳಿಸಿಕೊಂಡಿರುವವರಲ್ಲಿ ಒಂದು ವಿನಂತಿ. ಮೇಸ್ತ್ರಿ ದಾರ ಕಟ್ಟುವ ದಿನ ನೀವೇ ಎದುರು ನಿಂತು ಮೋರಿಯನ್ನು ಬಿಟ್ಟು ಅಳತೆ ತೆಗೆಸಿ. ಗೇಟು ಒಳಕ್ಕೆ ತೆರೆಯಬೇಕೋ ಪಕ್ಕಕ್ಕೆ ಜಾರಬೇಕೋ ಎಂದು ವೆಲ್ಡರಿಗೆ ಕೀಲು ಕೂರಿಸುವ ಮುಂಚೆಯೇ ಹೇಳಿ. ಮೋರಿಯ ಮೇಲೆ ಬಂಡೆ ಹಾಸಿ, ಕಾಂಕ್ರೀಟು ಸುರಿಯಬೇಡಿ.